ಮಾನಪತ್ರದಲ್ಲಿ ಬಿಟ್ಟ ಜಾಗ

ಸಮುದ್ರ ತುಂಬುವುದು ನಾನು ಕಲಿತ ಮೊದಲ ಕೆಲಸ. ಅಪ್ಪ ಅಂಕೋಲೆಯ ಜಂಗಲ್ ಕಚೇರಿಯಲ್ಲಿ ನಕಾಶೆಗಳ ನಕಲು ತೆಗೆಯುತ್ತಿದ್ದರು. ಕಚೇರಿಯಲ್ಲಿ ಮುಗಿಯದ್ದನ್ನು ಸುರುಳಿ ಸುತ್ತಿ ಬಾಳೆಗುಳಿಯ ಮನೆಗೆ ತರುತ್ತಿದ್ದರು. ಕಾಡಿಗೆ ಹಸಿರು, ಹೊಳೆಗೆ ನೀಲಿ, ಗಡಿಗೆ ಕೆಂಪು ಗೆರೆ. ಅದರ ಮೇಲೆ ಊರುಗಳ ಹೆಸರು, ದೊಡ್ಡ ಊರಿಗೆ ದೊಡ್ಡ ಅಕ್ಷರ, ಸಣ್ಣ ಊರಿಗೆ ಸಣ್ಣದು. ಕಾಳಿ ಹೊಳೆಯ ಮೇಲ್ಗಡೆ ದಟ್ಟ ಹಸಿರಿನ ನಡುವೆ ಕೈಗಾ ಎಂದು ಬರೆದಿದ್ದನ್ನು ನೋಡಿ, ಇಷ್ಟು ಹಸಿರಿನೊಳಗೆ ಜನ ಹೇಗೆ ಉಸಿರಾಡುತ್ತಾರೆ ಎಂದು ಕೇಳಿದ್ದೆ. ಅಪ್ಪ ನಕ್ಕಿದ್ದರು. ಪ್ರಶ್ನೆ ಕೇಳುವುದು ನನ್ನ ಚಟ. ಅದಕ್ಕಾಗಿ ಬೈಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ನಕಾಶೆಯ ಪಶ್ಚಿಮಕ್ಕೆ ಸಮುದ್ರವಿರುತ್ತದಲ್ಲ, ಅಲ್ಲಿ ಬರೆಯಲು ಏನೂ ಇಲ್ಲ, ಬರೀ ತೆಳು ನೀಲಿ. ಅದನ್ನು ಅಪ್ಪ ನನಗೆ ಬಿಟ್ಟುಕೊಟ್ಟರು. ಸುಲಭದ ಕೆಲಸವೆಂದು ತಿಳಿದಿದ್ದೆ. ಹಲಗೆಯನ್ನು ಸ್ವಲ್ಪ ಓರೆ ಮಾಡಿ, ಕುಂಚದ ತುಂಬ ಬಣ್ಣದ ನೀರು ತೆಗೆದುಕೊಂಡು, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಒಂದೇ ಸಮ ಇಳಿಸಬೇಕು. ನಡುವೆ ಕೈ ನಿಂತರೆ ಕಲೆ. “ಚಂದ ಆಯ್ತಾ ಅಂತ ನೋಡೂಕೆ ನಿಂತ್ರೆ ಹಾಳಾಯ್ತು. ಮುಗಿದ ಮೇಲೆ ನೋಡು” ಎನ್ನುತ್ತಿದ್ದರು ಅಪ್ಪ. ಅಕ್ಷರಕ್ಕೆ ಬೇರೆಯೇ ನಿಯಮ. ಬರೆಯುವ ಪ್ರತಿ ಅಕ್ಷರವನ್ನೂ ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳಬೇಕು. ಬಾಯಿಗೆ ಬಾರದ ಅಕ್ಷರ ಕೈಗೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಅವರು ಕೆಲಸಕ್ಕೆ ಕೂತರೆ ಜಪಕ್ಕೆ ಕೂತವರ ಹಾಗೆ ತುಟಿ ಆಡುತ್ತಿತ್ತು, ನನ್ನದೂ ಹಾಗೆಯೇ ಆಯಿತು.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಗಲಾಟೆಯಾದ ಮರುವರ್ಷ ನನ್ನ ಮದುವೆ. ಸರ್ವಿಸ್ ಮೋಟಾರಿನಲ್ಲಿ ಕಾರವಾರಕ್ಕೆ ಬಂದೆ, ಹಬ್ಬುವಾಡದ ಮನೆಗೆ. ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಒಂದು ತಗಡಿನ ಡಬ್ಬಿ, ಅದರಲ್ಲಿ ಅಪ್ಪ ಬಳಸಿ ಸವೆದ ಬಣ್ಣದ ಬಿಲ್ಲೆಗಳು. ಡಬ್ಬಿಯ ಜೊತೆಗೆ ಒಂದು ದಪ್ಪ ಹಾಳೆ. ಅದು ಕಚೇರಿಯವರು ಬೇಡವೆಂದು ಬಿಟ್ಟ ನಕಾಶೆ. ನೆಲದ ಒಂದು ಗೆರೆಯೂ ಇನ್ನೂ ಬಿದ್ದಿರಲಿಲ್ಲ, ನಾನು ಹನ್ನೆರಡನೇ ವರ್ಷದಲ್ಲಿ ತುಂಬಿದ ಸಮುದ್ರ ಮಾತ್ರ ಇತ್ತು. ಅಪ್ಪ ಅದನ್ನು ಬಳುವಳಿಯೆಂದು ಕೊಟ್ಟಿದ್ದರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಇದ್ದವರು ಅತ್ತೆ, ಅವರಿಗೆ ಉಳಿದಿದ್ದ ಒಬ್ಬನೇ ಮಗ, ಮತ್ತು ನಾನು. ಆ ಮಗ ಬಂದರಿನಲ್ಲಿ ಮರದ ದಿಮ್ಮಿ ಇಡುವ ನಾಟಾ ಡಿಪೋದಲ್ಲಿ ಕಾರಕೂನರು. ಅವರ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎನ್ನುವುದೇ ಈ ಕತೆ.

ಕಾರವಾರ ಕಚೇರಿಗಳ ಊರು. ವರ್ಗವಾಗಿ ಬರುವವರು, ವರ್ಗವಾಗಿ ಹೋಗುವವರು. ಹೋಗುವವರಿಗೆಲ್ಲ ಒಂದು ಹಾರ, ಒಂದು ಚಹಾ ಪಾರ್ಟಿ, ಒಂದು ಮಾನಪತ್ರ. ಆ ಮಾನಪತ್ರ ಎನ್ನುವುದನ್ನು ಯಾರೋ ಗುಮಾಸ್ತರು ಕಚೇರಿಯ ಶಾಯಿಯಲ್ಲಿ ಬರೆದು ಕೊಡುತ್ತಿದ್ದರು, ಸಮನ್ಸಿನ ಹಾಗೆ ಕಾಣುತ್ತಿತ್ತು. ಒಮ್ಮೆ ಡಿಪೋದ ಸಾಹೇಬರಿಗೆ ವರ್ಗವಾದಾಗ ಇವರು, ಅಂದರೆ ನನ್ನ ಗಂಡ, ನಮ್ಮ ಮನೆಯಲ್ಲಿ ಬರೆಯುವವರಿದ್ದಾರೆ ಎಂದು ಹೇಳಿ ಬಂದರು. ನಾನು ಹಾಳೆಯ ಅಂಚಿಗೆ ಗಾಳಿಮರಗಳ ಸಾಲು, ದೂರದಲ್ಲಿ ದೀಪಸ್ತಂಭ, ಕೆಳಗೆ ತೆರೆ ಬರೆದೆ. ನಡುವೆ, ಶಾಯಿಗೆ ಅದ್ದಿ ಬರೆಯುವ ಟಾಕಿನ ದಪ್ಪ ಮುಳ್ಳಿನಿಂದ ಅಕ್ಷರ. ಸಾಹೇಬರು ಧಾರವಾಡದ ಕಡೆಯವರು. ಇಲ್ಲಿದ್ದ ನಾಲ್ಕು ವರ್ಷವೂ ಈ ಸಮುದ್ರದಿಂದ ಬಟ್ಟೆ ಒಣಗುವುದಿಲ್ಲ, ಉಪ್ಪಿನಕಾಯಿ ಉಳಿಯುವುದಿಲ್ಲ ಎಂದು ಬೈದವರು. ಆ ಹಾಳೆಯ ಸಮುದ್ರ ನೋಡಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ಬಿಟ್ಟು ಹೋಗುವಾಗಲೇ ಯಾಕೆ ಸಮುದ್ರ ಬೇಕಾಗುತ್ತದೆ ಎಂದು ನಾನು ಬಹಳ ದಿನ ಯೋಚಿಸಿದ್ದೆ.

ಅಲ್ಲಿಂದ ಕೆಲಸ ತಾನಾಗಿಯೇ ಬಂತು. ಚಾವಡಿಯಲ್ಲಿ ಎರಡು ಮಾದರಿ ತೂಗುಹಾಕಿದೆವು. ಒಂದರ ಅಂಚಿಗೆ ಹಾಯಿದೋಣಿ, ಇನ್ನೊಂದಕ್ಕೆ ಗಾಳಿಮರ. ಬಂದವರು ಬೆರಳು ತೋರಿಸಿ ಆರಿಸುತ್ತಿದ್ದರು. ಮಾತು ಇವರ ಹತ್ತಿರ, ಕೆಲಸ ನನ್ನದು. ಅತ್ತೆ ಮೊದಮೊದಲು ಮುಖ ಗಂಟು ಹಾಕಿದ್ದರು. “ನೀರಲ್ಲಿ ಬಣ್ಣ ಕದಡ್ತಾ ಕೂತ್ರೆ ಅನ್ನ ಬೇಯ್ತದ?” ಬಂದ ಹಣವನ್ನು ನಾನು ಅವರ ಕೈಗೇ ಕೊಟ್ಟ ಮೇಲೆ ಅದನ್ನು ದೇವರ ಮುಂದೆ ಇಟ್ಟು ಸುಮ್ಮನಾದರು. ಆಮೇಲೆ ಅವರಿಗೂ ರುಚಿ ಹತ್ತಿತು. ನಾನು ಬರೆಯಲು ಕೂತರೆ ಮೊರ ಹಿಡಿದು ಪಕ್ಕಕ್ಕೆ ಬಂದು ಕೂರುತ್ತಿದ್ದರು. ಅತ್ತೆಗೆ ಓದು ಬಾರದು. ನಾನು ಗುಣುಗುಣು ಹೇಳಿಕೊಳ್ಳುವುದನ್ನು ಕೇಳಿ, ಯಾವ ಸಾಹೇಬರು ಎಷ್ಟು ದಯಾಳು, ಯಾರು ಎಷ್ಟು ಪ್ರಾಮಾಣಿಕರು ಎಂದೆಲ್ಲ ತಿಳಿದುಕೊಂಡು, “ಇವ್ನೂ ದಯಾಳುವೆಯಾ? ಈ ಊರಿಗೆ ಬಂದವ್ರೆಲ್ಲ ಹೋಗುವಾಗ ದಯಾಳು ಆಗ್ತಾರೆ ನೋಡು” ಎಂದು ನಗುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಊರಿನ ಸುದ್ದಿಯೆಲ್ಲ ಅವರ ಕೈಯಲ್ಲಿ.

ಮದುವೆಯಾದ ಮೂರನೇ ಮಳೆಗಾಲದಲ್ಲಿ ಒಂದು ಶಾಲೆಯ ಸಮಿತಿಯವರು ಬಂದರು. ಹೆಡ್ ಮಾಸ್ತರರಿಗೆ ವರ್ಗವಾಗಿತ್ತು, ಶನಿವಾರ ಸಮಾರಂಭ. ಅದುವರೆಗೆ ಬಂದವುಗಳಲ್ಲಿ ಅದೇ ದೊಡ್ಡ ಕೆಲಸ. ಚೆನ್ನಾಗಿ ಬಂದರೆ ಆ ಸಮಿತಿಯವರು ಮಕ್ಕಳ ಬಹುಮಾನ ಪತ್ರಗಳನ್ನೆಲ್ಲ ಪ್ರತಿ ವರ್ಷ ನಮಗೇ ಕೊಡುವವರಿದ್ದರು. ಅವರು ಹೋದ ಮೇಲೆ ಒಕ್ಕಣೆಯ ಕಾಗದ ಬಿಡಿಸಿ ಓದಿಕೊಳ್ಳತೊಡಗಿದೆ. ಪರಮಪೂಜ್ಯರೂ, ವಿದ್ಯಾದಾನನಿರತರೂ ಆದ ಶ್ರೀಮಾನ್ ಎಂಬಲ್ಲಿಗೆ ಬಂದು ಬಾಯಿ ಕಟ್ಟಿತು.

“ಎಂತಕ್ಕೆ ನಿಂತ್ಯೆ?” ಎಂದರು ಅತ್ತೆ.

ಹೆಡ್ ಮಾಸ್ತರರದ್ದೂ ಇವರದ್ದೂ ಒಂದೇ ಹೆಸರು. ಕರಾವಳಿಯಲ್ಲಿ ಊರಿಗೆ ಹತ್ತು ಮಂದಿಗೆ ಇರುವ ಹೆಸರು, ಅತ್ತೆ ಮಗನನ್ನು ದಿನಕ್ಕೆ ಇಪ್ಪತ್ತು ಸಲ ಕೂಗುವ ಹೆಸರು. ನನ್ನ ಬಾಯಿಗೆ ಮಾತ್ರ ಅದು ನಿಷಿದ್ಧ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆ ಕಾಲದ ಹೆಂಗಸರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ಇವರಿಗೆ ವರ್ಷಕ್ಕೊಮ್ಮೆ ಚಳಿಜ್ವರ ಬಂದೇ ಬರುತ್ತಿತ್ತು. ನಾಟಾಕ್ಕಾಗಿ ಕಾಡು ತಿರುಗಿದವರಿಗೆ ಅದು ತಪ್ಪಿದ್ದಲ್ಲ. ಅತ್ತೆಯ ಉಳಿದ ಮಕ್ಕಳನ್ನು ಕೊಂಡುಹೋದದ್ದೂ ಅಂಥದೇ ಜ್ವರ. ಹೀಗಾಗಿ ಅದು ಬರೀ ಮಡಿವಂತಿಕೆಯ ಮಾತಾಗಿರಲಿಲ್ಲ.

ಕೊನೆಗೆ ಕಾಗದ ತೋರಿಸಿ, “ಇವರ ಹೆಸರೇ ಅತ್ತೆ” ಎಂದೆ. ಅತ್ತೆಯ ಕೈ ಮೊರದಲ್ಲಿ ನಿಂತಿತು.

ಹೇಳಬಾರದು ಸರಿ, ಬರೆಯಬಹುದೇ? ನನ್ನ ಹಳೆಯ ಚಟ ಎದ್ದು ಕೂತಿತು. ಆಯುಷ್ಯ ಕಡಿಮೆ ಮಾಡುವುದು ಸದ್ದೋ, ಅಕ್ಷರವೋ? ಸದ್ದಾದರೆ ಬರೆಯುವುದಕ್ಕೆ ಏನು ಅಡ್ಡಿ? ಅತ್ತೆಯನ್ನು ಕೇಳಿದೆ. “ನಂಗೆ ಗೊತ್ತಿಲ್ಲ ಹೆಣ್ಣೆ. ನಮ್ಮಲ್ಲಿ ಬರೂಕೆ ಬರುವ ಹೆಂಗಸು ಯಾರಿದ್ರು, ಇದನ್ನ ಕೇಳೂಕೆ?” ಎಂದರು. ಪೂಜೆಗೆ ಬಂದ ಭಟ್ಟರನ್ನು ಬಾಗಿಲ ಹಿಂದೆ ನಿಂತು ಕೇಳಿದೆ. “ಉಚ್ಚರಿಸಬಾರದು ಅಂತ ಉಂಟು. ಬರೆಯಬಾರದು ಅಂತ ಇಲ್ಲ. ಬರೆಯಬಹುದು ಅಂತಲೂ ಇಲ್ಲ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ದಕ್ಷಿಣೆ ತೆಗೆದುಕೊಂಡು ಹೋದರು. ಆಚೆಮನೆಯ ಕೊಂಕಣಿ ಅಜ್ಜಿ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು: “ಇಂಗ್ಲಿಷಿನಲ್ಲಿ ಬರೆದುಬಿಡು ಗೋ ಬಾಯಿ. ಯಮನಿಗೆ ಇಂಗ್ಲಿಷ್ ಎಲ್ಲಿ ಬರ್ತದೆ?” ಆ ಮಾತು ನನಗೆ ಬಹಳ ಹಿಡಿಸಿತ್ತು. ಆದರೆ ಮಾನಪತ್ರ ಕನ್ನಡದ್ದು.

ಯೋಚನೆ ಮಾಡಿ ಮಾಡಿ ಒಂದು ಉಪಾಯ ಕಂಡುಹಿಡಿದೆ. ಉಳಿದದ್ದನ್ನೆಲ್ಲ ನಾನು ಬರೆಯುವುದು, ಹೆಸರಿನ ಜಾಗ ಬಿಡುವುದು, ಅದನ್ನು ಇವರೇ ತುಂಬುವುದು. ತನ್ನ ಹೆಸರು ತಾನು ಬರೆದುಕೊಳ್ಳಲು ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಎಲ್ಲರೂ ಒಪ್ಪಿದರು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಹೆಸರು ಎದ್ದು ಕಾಣಲೆಂದು ಆ ಜಾಗಕ್ಕೆ ತೆಳು ಹಳದಿ ನೀರು ಹಾಯಿಸಿದ್ದೆ. ಕಾರವಾರದ ಮಳೆಗಾಲದಲ್ಲಿ ಹಾಳೆ ತಾನಾಗಿ ಒಣಗುವುದಿಲ್ಲ. ಒಲೆಯ ಕೆಂಡದ ಮೇಲೆ ದೂರದಿಂದ ಹಿಡಿದು ಆರಿಸಬೇಕು. ಗುರುವಾರ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಇವರಿಗೆ ಡಿಪೋಗೆ ಹೊತ್ತಾಗಿತ್ತು. ಹಾಳೆ ಒಣಗಿದೆಯೆಂದು ತಿಳಿದು ಕಚೇರಿಯ ಶಾಯಿಯಲ್ಲಿ ಒಂದೇ ಉಸಿರಿಗೆ ಬರೆದುಬಿಟ್ಟರು. ನಾನು ಒಳಗೆ ಬಂದು ನೋಡುತ್ತೇನೆ, ಪ್ರತಿ ಅಕ್ಷರಕ್ಕೂ ಜೇಡನಿಗೆ ಇರುವಷ್ಟು ಕಾಲು. ಹೆಸರಿನ ಶಾಯಿ ಹಬ್ಬಿ ಪರಮಪೂಜ್ಯರವರೆಗೂ ಹೋಗಿತ್ತು. ಇವರು ಕಳ್ಳ ಬೆಕ್ಕಿನ ಹಾಗೆ ಮೂಲೆಯಲ್ಲಿ ನಿಂತಿದ್ದರು. ಬೈಯಲು ಬಾಯಿ ತೆರೆದೆ. ಅಳು ಬಂತು.

ಬೇರೆ ಹಾಳೆ ಇರಲಿಲ್ಲ. ನಮಗೆ ದಪ್ಪ ಹಾಳೆ ಬರುತ್ತಿದ್ದುದು ಮುಂಬಯಿಯಿಂದ, ಉಗಿಯಿಂದ ಓಡುವ ಆಗಬೋಟಿಯಲ್ಲಿ. ಮಳೆಗಾಲದಲ್ಲಿ ಆಗಬೋಟಿ ಬಂದ್. ಊರಿನ ಅಂಗಡಿಯಲ್ಲಿ ಸಿಗುವುದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ. ಮಧ್ಯಾಹ್ನ ಪೆಟ್ಟಿಗೆ ತೆರೆದು ಅಪ್ಪ ಕೊಟ್ಟ ನಕಾಶೆಯ ಹಾಳೆಯನ್ನು ತೆಗೆದೆ. ಹನ್ನೆರಡು ವರ್ಷದ ಹುಡುಗಿ ತುಂಬಿದ ಆ ಸಮುದ್ರದಲ್ಲಿ ಒಂದು ಕಲೆಯೂ ಇರಲಿಲ್ಲ. ಬರೆದರೆ ಇದರ ಮೇಲೆಯೇ ಬರೆಯಬೇಕು. ಇನ್ನೊಂದು ತಪ್ಪಿಗೆ ಹಾಳೆಯಿಲ್ಲ, ಇವರ ಕೈಗೆ ಕೊಡುವಂತಿಲ್ಲ. ಅಂದರೆ ಹೆಸರೂ ನಾನೇ ಬರೆಯಬೇಕು.

ಅತ್ತೆಯ ಮುಂದೆ ಹಾಳೆ ಹಿಡಿದು ನಿಂತೆ. ಬೇಡ ಎಂದಿದ್ದರೆ ಸಮಿತಿಯವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಬೇಕಾಗುತ್ತಿತ್ತು, ಅಲ್ಲಿಗೆ ನನ್ನ ಮಾನಪತ್ರಗಳ ಕತೆ ಮುಗಿಯುತ್ತಿತ್ತು. ಕೊಟ್ಟ ಮಾತಿಗೆ ತಪ್ಪಿದವರ ಚಾವಡಿಗೆ ಆ ಊರಿನಲ್ಲಿ ಯಾರೂ ಎರಡನೇ ಸಲ ಬರುವುದಿಲ್ಲ.

ಅತ್ತೆ ಹಾಳೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಬರೆಯುವಾಗ ಅದು ಸದ್ದು ಮಾಡ್ತದ?”

“ಟಾಕಿನ ಸದ್ದು ಅಷ್ಟೇ, ಅತ್ತೆ.”

“ಹಂಗಾರೆ ಬರಿ. ಬಾಯಿ ಮಾತ್ರ ಮುಚ್ಚಿಕೊ. ನಾ ಇಲ್ಲೇ ಕೂರ್ತೆ.”

ಶುಕ್ರವಾರ ಮಧ್ಯಾಹ್ನದೊಳಗೆ ಉಳಿದದ್ದೆಲ್ಲ ಮುಗಿಯಿತು. ಹೆಸರಿನ ಸರದಿ ಬಂದಾಗ ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ನನ್ನ ಬಾಯಿಯನ್ನೇ ನೋಡುತ್ತ ಕೂತರು. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಹೇಳಿಕೊಳ್ಳದೆ ಒಂದು ಅಕ್ಷರವನ್ನೂ ನಾನು ಬರೆದವಳಲ್ಲ. ಮೊದಲ ಗೆರೆಗೇ ಕೈ ತಡವರಿಸಿತು. ಆಗ ಸಮುದ್ರ ತುಂಬುವುದು ನೆನಪಾಯಿತು. ನೋಡಲು ನಿಲ್ಲಬಾರದು, ಅಂಚಿನಿಂದ ಅಂಚಿಗೆ ಒಂದೇ ಸಮ. ಹಾಗೆ ಬರೆಯತೊಡಗಿದ ಮೇಲೆ ವಿಚಿತ್ರವೊಂದು ಕಂಡಿತು. ಬಾಯಿ ಸುಮ್ಮನಿದ್ದಾಗ ಅಕ್ಷರ ಬರೀ ಆಕಾರವಾಗಿ ಕಾಣುತ್ತದೆ. ಒಂದಕ್ಕೆ ಹೊಟ್ಟೆ, ಒಂದಕ್ಕೆ ಬಾಲ, ಒಂದರ ನೆತ್ತಿಗೆ ಜುಟ್ಟು. ಮೂರು ವರ್ಷದಿಂದ ಜೊತೆಗೆ ಊಟ ಮಾಡುತ್ತಿರುವ ಮನುಷ್ಯನ ಹೆಸರು ಇಷ್ಟು ಚಂದವಿದೆಯೆಂದು ನನಗೆ ಗೊತ್ತಿರಲಿಲ್ಲ. ಯಾವತ್ತೂ ಅದನ್ನು ನೆಟ್ಟ ಕಣ್ಣಿನಿಂದ ನೋಡಿಯೇ ಇರಲಿಲ್ಲ. ನನಗೆ ಖುಷಿಯಾಯಿತು, ಖುಷಿಯಾಯಿತೆಂದು ಹೆದರಿಕೆಯೂ ಆಯಿತು.

ಶನಿವಾರದ ಸಮಾರಂಭದಲ್ಲಿ ತಿಳಿನೀಲಿ ಹಾಳೆಯ ಮಾನಪತ್ರವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ. ಬಹುಮಾನ ಪತ್ರಗಳೂ ನಮಗೇ ಎಂದು ಕಾರ್ಯದರ್ಶಿ ಅಲ್ಲಿಯೇ ಹೇಳಿದರಂತೆ. ಇದನ್ನೆಲ್ಲ ಇವರು ಹೊಸ್ತಿಲಲ್ಲಿ ನಿಂತು ಹೇಳಿದರು. ಹೇಳುವಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದೆ. ಕಾವಲಿಯ ಹಾಗೆ ಸುಡುತ್ತಿತ್ತು.

ಅತ್ತೆ ನನ್ನನ್ನು ನೋಡಿದರು. ಕಂಬಳಿ ತಂದು ಮಗನಿಗೆ ಹೊದಿಸಿ, ನನ್ನ ಬಣ್ಣದ ಡಬ್ಬಿ ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಇಟ್ಟುಬಂದರು. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮೂರು ದಿನ ಕ್ವಿನೈನ್ ಗುಳಿಗೆ, ಗಂಜಿ, ಒದ್ದೆ ಬಟ್ಟೆ. ಎಷ್ಟು ಸಲ ಜ್ವರ ಬಂದಿದೆ, ಪ್ರತಿ ಆಷಾಢದಲ್ಲೂ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅವರ ಪಕ್ಕ ಕೂತಾಗಲೆಲ್ಲ ಆ ನೀಲಿ ಹಾಳೆ ಕಣ್ಣೆದುರಿಗೆ ಬರುತ್ತಿತ್ತು. ಹೊಟ್ಟೆಯುಳ್ಳ ಅಕ್ಷರ, ಬಾಲವುಳ್ಳ ಅಕ್ಷರ. ಚಂದವಿದೆ ಎಂದುಕೊಂಡಿದ್ದೆನಲ್ಲ, ಅದಕ್ಕೇ ಹೀಗಾಯಿತು ಎಂದು ಅತ್ತಿದ್ದೇನೆ. ಇನ್ನು ಕುಂಚ ಮುಟ್ಟುವುದಿಲ್ಲ, ಇವರೊಬ್ಬರು ಎದ್ದು ಕೂತರೆ ಸಾಕು ಎಂದು ಹರಕೆಯನ್ನೂ ಹೊರುವವಳಿದ್ದೆ. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಯಾಕೆ ನುಂಗಿದೆನೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಅಷ್ಟು ಹೆದರಿದ್ದರೂ ಬಿಡುವ ಮನಸ್ಸಿರಲಿಲ್ಲ ಎನ್ನುವುದೇ ನಿಜವಿರಬೇಕು.

ನಾಲ್ಕನೇ ದಿನ ಬೆಳಿಗ್ಗೆ ಬೆವರು ಬಿಟ್ಟು ಜ್ವರ ಇಳಿಯಿತು. ಇವರು ಎದ್ದು ಕೂತು ಒಣಮೀನಿನ ಚಟ್ನಿ ಬೇಕು ಎಂದು ಹಟ ಹಿಡಿದರು. ಐದನೇ ದಿನ ಕೋಲೂರಿಕೊಂಡು ಡಿಪೋಗೆ ಹೋದರು.

ಅವರು ಓಣಿ ದಾಟಿದ ಮೇಲೆ ಅತ್ತೆ ಅಟ್ಟ ಹತ್ತಿದರು. ಬಣ್ಣದ ಡಬ್ಬಿ ತಂದು ನನ್ನ ಮುಂದೆ ಇಟ್ಟು, ಎದುರಿಗೆ ಕಾಲು ಚಾಚಿ ಕೂತರು.

“ನೀ ಬರೆದದ್ದಕ್ಕೆ ಬಂತಾ ಜ್ವರ? ನೀ ಈ ಮನೆಗೆ ಬರೂಕೂ ಮುಂಚೆ ಬರ್ತಿತ್ತಲ್ಲ, ಆಗ ಯಾರು ಬರೆದಿದ್ರು?” ನನ್ನನ್ನು ಕೇಳಿದ್ದಲ್ಲ ಅದು. ಮೂರು ದಿನ ತಮ್ಮೊಳಗೇ ಕೇಳಿಕೊಂಡದ್ದನ್ನು ಈಗ ಹೊರಗೆ ಹೇಳಿದ್ದು.

“ನಾ ಒಂದು ಸಲನೂ ಹೇಳಲಿಲ್ಲ ಹೆಣ್ಣೆ” ಎಂದರು. “ಕನಸಲ್ಲೂ ಹೇಳಲಿಲ್ಲ. ಜಾತ್ರೆಲಿ ನಾ ಕಳೆದುಹೋದಾಗೂ ಅವ್ರ ಹೆಸ್ರು ಕೂಗಲಿಲ್ಲ, ಅಳ್ತಾ ಒಂದೇ ಕಡೆ ನಿಂತಿದ್ದೆ. ಅಷ್ಟು ಬಾಯಿ ಕಾದೆ. ಆದ್ರೂ ಹೋದ್ರಲ್ಲ.”

ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ಅತ್ತೆ ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟಿದರು.

“ನಿನ್ನ ಮಾವನ ಹೆಸ್ರು ನಿಂಗೆ ಗೊತ್ತಿದ್ಯ?”

ಗೊತ್ತಿತ್ತು. ಇವರಿಗೆ ಬರುವ ಲಕೋಟೆಗಳ ಮೇಲೆ ಇವರ ಹೆಸರಿನ ಪಕ್ಕದಲ್ಲಿ, ನಮ್ಮ ಕಡೆಯ ರೂಢಿಯಂತೆ, ತಂದೆಯ ಹೆಸರೂ ಇರುತ್ತಿತ್ತು. ಅಂಚೆಯವನ ಕೈಯಿಂದ ಆ ಲಕೋಟೆಗಳನ್ನು ಎಷ್ಟೋ ಸಲ ಇಸಿದುಕೊಂಡವರು ಅತ್ತೆಯೇ. ಆ ಹೆಸರು ತಮ್ಮ ಅಂಗೈಯಲ್ಲೇ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಬರಿ. ನಾ ನೋಡ್ತೆ.”

ಹಾಳಾದ ಮಾನಪತ್ರದ ಅಂಚಿನಲ್ಲಿ ಒಂದು ಚೂರು ಚೊಕ್ಕ ಜಾಗ ಉಳಿದಿತ್ತು. ಅದನ್ನು ಕತ್ತರಿಸಿ, ಸಮುದ್ರದ ನೀಲಿಯನ್ನೇ ಗಟ್ಟಿಯಾಗಿ ಕದಡಿ, ಸೆರಗು ಕಚ್ಚಿಕೊಂಡು ಬರೆದೆ. ಕೆಂಡದ ಮೇಲೆ ಹಿಡಿದು ಪೂರ್ತಿ ಆರಿಸಿ ಅವರ ಕೈಗೆ ಕೊಟ್ಟೆ. ಅತ್ತೆ ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ನಾನು ಮತ್ತೆ ನೆಟ್ಟಗೆ ಮಾಡಿಕೊಟ್ಟೆ.

“ಮೂರೇ ಅಕ್ಷರವಾ?”

“ಮೂರೇ, ಅತ್ತೆ.”

“ಇಷ್ಟಕ್ಕೇ ಅಷ್ಟು ಹೆದರಿದ್ದೆನಲ್ಲೇ.”

ಚೂರನ್ನು ತೊಡೆಯ ಮೇಲಿಟ್ಟು ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. ನಾನು ಬರೆಯುವುದನ್ನು ಅಷ್ಟು ದಿನ ಪಕ್ಕದಲ್ಲಿ ಕೂತು ನೋಡಿದವರು ಅವರು. ಬೆರಳು ಅಕ್ಷರದ ಹೊಟ್ಟೆಯ ಮೇಲೆ ಹೋಯಿತು, ಬಾಲದ ಮೇಲೆ ಇಳಿಯಿತು, ಎರಡನೇ ಅಕ್ಷರಕ್ಕೆ ಬಂತು. ಆಗ ಅವರ ತುಟಿ ಅಲುಗಿತು.

ನಾನು ಬೇಗ ಮುಖ ತಿರುಗಿಸಿ, ಕುಂಚವನ್ನು ನೀರಿನ ಬಟ್ಟಲಿಗೆ ಅದ್ದಿ, ಜೋರಾಗಿ ಸದ್ದಾಗುವಂತೆ ತೊಳೆಯುತ್ತ ಕೂತೆ.